ಎರಡು ಸಾವಿರದ ಕಂತು ಬಿತ್ತಿಗೆಗೆ ಒದಗಬೇಕಾದರೆ

ನಾನು ಕಲಬುರಗಿ ಜಿಲ್ಲೆಯ ಸೇಡಂ ತಾಲೂಕಿನ ಒಂದು ಹಳ್ಳಿಯ ಬಿ.ಸಿ. ಸಖಿ. ಸಂಜೀವಿನಿ ಸಂಘದ ಕಡೆಯಿಂದ ಬ್ಯಾಂಕಿನ ಕೆಲಸ ಮಾಡುವಾಕಿ. ಬೆರಳಿಟ್ಟರೆ ರೊಕ್ಕ ಬರುವ ಮಷೀನು ನಮ್ಮ ಮನೆಯ ಪಡಸಾಲೆಯಲ್ಲೇ ಇದೆ. ಪಿಎಂ ಕಿಸಾನ್ ಕಂತು, ಗೃಹಲಕ್ಷ್ಮಿ, ಮುದುಕರ ಪಗಾರ, ಬೆಳೆ ಪರಿಹಾರ ಎಲ್ಲದರ ರೊಕ್ಕ ಬಹುಪಾಲು ನನ್ನ ಕಣ್ಣ ಮುಂದೆಯೇ ಜನರ ಕೈ ಸೇರುತ್ತದೆ. ಸಣ್ಣ ಊರು, ಹಾಗಾಗಿ ಆಮೇಲೆ ಎಲ್ಲಿಗೆ ಹೋಯಿತೆಂಬುದೂ ಗೊತ್ತಾಗಿಬಿಡುತ್ತದೆ. ಎರಡೋ ಮೂರೋ ಎಕರೆ ತೊಗರಿ ಮಾಡುವ ಮನೆಯವರಿಗೆ ಈ ರೊಕ್ಕ ಹೊಲದ ತನಕ ಹೇಗೆ ತಲುಪೀತು ಅನ್ನುವುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. "ಕೈಗೆ ರೊಕ್ಕ ಕೊಟ್ರ ಕುಡದು ಹಾಳ ಮಾಡ್ತಾರ" ಅಂತ ಕಟ್ಟೆ ಮೇಲೆ ಕೂತವರು ಹೇಳುತ್ತಲೇ ಇರುತ್ತಾರೆ. ಕುಡಿಯುವವನು ಕಂತು ಬರದಿದ್ದರೂ ಕುಡಿಯುತ್ತಾನೆ. 2011ರಲ್ಲಿ ಮಧ್ಯಪ್ರದೇಶದ ಕೆಲವು ಹಳ್ಳಿಗಳಲ್ಲಿ 'ಸೇವಾ' (SEWA) ಎಂಬ ಹೆಣ್ಣುಮಕ್ಕಳ ಸಂಘಟನೆಯವರು ಯುನಿಸೆಫ್ ನೆರವಿನಿಂದ ಪ್ರತಿಯೊಬ್ಬರಿಗೂ ತಿಂಗಳು ತಿಂಗಳು ಯಾವ ಷರತ್ತೂ ಇಲ್ಲದೆ ರೊಕ್ಕ ಕೊಟ್ಟು ನೋಡಿದ್ದರು. ದೊಡ್ಡವರಿಗೆ ಮೊದಲು 200 ರೂಪಾಯಿ, ಆಮೇಲೆ 300. ಮಕ್ಕಳಿಗೆ ಅದರ ಅರ್ಧ. ಅಲ್ಲಿ ಕುಡಿತ ಹೆಚ್ಚಲಿಲ್ಲ. ಬೀಜ, ಗೊಬ್ಬರ, ಆಡು-ಕುರಿಗೆ ಖರ್ಚು ಮಾಡಿದವರು ಹೆಚ್ಚಿದರು; ಕೂಲಿಗೆ ಹೋಗುತ್ತಿದ್ದ ಸಣ್ಣ ರೈತರು ಸ್ವಂತ ಹೊಲದಲ್ಲಿ ಹೆಚ್ಚು ದಿನ ದುಡಿದರು. ನಮ್ಮೂರಿನಲ್ಲಿ ರೊಕ್ಕ ಸೋರಿ ಹೋಗುವುದಕ್ಕೆ ಕಾರಣ ಬೇರೆ. ಬೇಕಾದಾಗ ಅದು ಬರುವುದಿಲ್ಲ.

ತಾರೀಖು ನೋಡಿ. ಪಿಎಂ ಕಿಸಾನ್ ರೊಕ್ಕ ವರ್ಷಕ್ಕೆ 6,000 ರೂಪಾಯಿ, ಎರಡೆರಡು ಸಾವಿರದ ಮೂರು ಕಂತು. ಮುಂಗಾರಿನ ಕಂತು ಬಂದದ್ದು 2022ರಲ್ಲಿ ಮೇ 31ಕ್ಕೆ, 2023ರಲ್ಲಿ ಜುಲೈ 27ಕ್ಕೆ, 2024ರಲ್ಲಿ ಜೂನ್ 18ಕ್ಕೆ, 2025ರಲ್ಲಿ ಆಗಸ್ಟ್ 2ಕ್ಕೆ. ನಮ್ಮಲ್ಲಿ ಬಿತ್ತಿಗೆಯ ಮಿರಗ (ಮೃಗಶಿರಾ ಮಳೆ) ಕೂಡುವುದು ಜೂನ್ ಮೊದಲ ವಾರದ ಕೊನೆಗೆ. ಈ ನಾಲ್ಕು ವರ್ಷದಲ್ಲಿ ಮಿರಗಕ್ಕಿಂತ ಮುಂಚೆ ರೊಕ್ಕ ಕಂಡದ್ದು ಒಂದೇ ವರ್ಷ. "ಕಂತು ಬಂದ ಮ್ಯಾಲ ಬೀಜ ತರ್ತೀನಿ" ಅಂತ ಕೂತವನು ಮಳೆ ಬಿದ್ದ ದಿನ ಕಾಳು ಕೊಳ್ಳುವ, ಸಾಲವನ್ನೂ ಕೊಡುವ ಅಡತಿ ಸಾವುಕಾರನ ಬಾಗಿಲಿಗೇ ಹೋಗಬೇಕು.

ಹೋದರೆ ಏನಾಗುತ್ತದೆ? ನಮ್ಮ ಕಡೆ ತಿಂಗಳಿಗೆ ಸೇಕಡಾ ಮೂರು ಬಡ್ಡಿ ಸಾಮಾನ್ಯ. ಹತ್ತು ಸಾವಿರ ಎತ್ತಿದರೆ ಜೂನ್‌ನಿಂದ ಜನವರಿಯ ರಾಶಿವರೆಗೆ ಏಳು ತಿಂಗಳಿಗೆ 2,100 ರೂಪಾಯಿ. ಸರ್ಕಾರದ ಒಂದು ಕಂತು ಪೂರ್ತಿ ಬಡ್ಡಿಗೆ ಜಮಾ, ಮೇಲೆ ನೂರು ರೂಪಾಯಿ ಕೈಯಿಂದ. ಅದಕ್ಕಿಂತ ದೊಡ್ಡ ಪೆಟ್ಟು ಎಂದರೆ ತೊಗರಿಯನ್ನು ಅವನ ಅಂಗಡಿಗೇ, ಅವನು ಹೇಳಿದ ದಿನ, ಅವನು ಹೇಳಿದ ದರಕ್ಕೆ ಹಾಕಬೇಕು.

ಫೆಬ್ರವರಿ ಕಂತನ್ನು ಮಿರಗಕ್ಕೆ ದಾಟಿಸಿ

ಮೂರು ಕಂತಿನಲ್ಲಿ ಸ್ವಲ್ಪ ನಂಬಬಹುದಾದದ್ದು ಬೇಸಿಗೆಯ ಮುಂಚಿನದು. 2023ರಲ್ಲಿ ಫೆಬ್ರವರಿ 27, 2024ರಲ್ಲಿ ಫೆಬ್ರವರಿ 28, 2025ರಲ್ಲಿ ಫೆಬ್ರವರಿ 24. ಬಿತ್ತಿಗೆಯ ರೊಕ್ಕ ಇದೇ ಅಂತ ಮನೆಯಲ್ಲಿ ಮೊದಲೇ ತೀರ್ಮಾನ ಮಾಡಿಕೊಳ್ಳಿ. ಆದರೆ ಫೆಬ್ರವರಿಯಿಂದ ಜೂನ್ ನಡುವೆ ಶರಣಬಸವೇಶ್ವರ ಜಾತ್ರೆ ಬರುತ್ತದೆ, ಯುಗಾದಿ ಬರುತ್ತದೆ, ಬೀಗರ ಮನೆಯ ಲಗ್ನ ಬರುತ್ತವೆ. ಖಾತೆಯಲ್ಲಿಟ್ಟ ಎರಡು ಸಾವಿರ ಅಷ್ಟು ದಿನ ಉಳಿಯುವುದಿಲ್ಲ. ಅದಕ್ಕೇ ರೊಕ್ಕವಾಗಿ ಇಡಬೇಡಿ, ಸಾಮಾನಾಗಿ ಇಡಿ.

ಏಪ್ರಿಲ್‌ನಲ್ಲೇ ಒಂದು ಚೀಲ ಡಿಎಪಿ ಗೊಬ್ಬರ ತಂದುಬಿಡಿ. 50 ಕಿಲೋ ಚೀಲಕ್ಕೆ 1,350 ರೂಪಾಯಿ. ಜೂನ್‌ನಲ್ಲಿ ಹೋದರೆ ಪಾಳಿ ಹಚ್ಚಬೇಕು. ಕೆಲವು ಅಂಗಡಿಯವರು ಡಿಎಪಿ ಬೇಕಿದ್ದರೆ ಇದನ್ನೂ ತಗೊಳ್ಳಿ ಅಂತ ಬೇಡದ ಡಬ್ಬಿಯೊಂದನ್ನು ಗಂಟು ಹಾಕುತ್ತಾರೆ. ಏಪ್ರಿಲ್‌ನಲ್ಲಿ ಆ ಗದ್ದಲ ಇರುವುದಿಲ್ಲ. ಚೀಲ ನೆಲಕ್ಕೆ ತಾಗದಂತೆ ಹಲಗೆ ಮೇಲಿಡಿ, ಗೋಡೆಯಿಂದ ಒಂದು ಗೇಣು ದೂರ ಇರಲಿ, ಬಾಯಿ ಬಿಚ್ಚಬೇಡಿ.

ಬೀಜಕ್ಕೆ ರೊಕ್ಕವೇ ಬೇಡ ಅನ್ನುವವಳು ನಾನು. ನೆಟೆ ರೋಗ ಬೀಳದ ಹೊಲದ ತೊಗರಿಯಲ್ಲಿ ತುಂಬಿದ ಕಾಳು ಆರಿಸಿ ಒಂದು ಡಬ್ಬಿ ಎತ್ತಿಟ್ಟುಕೊಳ್ಳಿ. ಎಕರೆಗೆ ನಾಲ್ಕೈದು ಕಿಲೋ ಸಾಕು. ಮೇ ಕೊನೆಗೆ ನೂರು ಕಾಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಡಿ. ಐದಾರು ದಿನಕ್ಕೆ ಬಿಚ್ಚಿ ಎಣಿಸಿ. ಎಂಬತ್ತರ ಸುಮಾರು ಮೊಳಕೆ ಬಂದಿದ್ದರೆ ಬಿತ್ತಬಹುದು. ತೀರಾ ಕಡಿಮೆ ಬಂದರೆ ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿ ಬೀಜ ಕೇಳಿ. ಬಿತ್ತುವ ಮುಂಚೆ ಬೀಜಕ್ಕೆ ಔಷಧ ಹಚ್ಚುವ ಬೀಜೋಪಚಾರ ಮಾತ್ರ ತಪ್ಪಿಸಬೇಡಿ.

ಸೊಸೈಟಿ ಸದಸ್ಯರಾಗಿದ್ದರೆ ಸಾವುಕಾರನಿಗಿಂತ ಮೊದಲು ಅಲ್ಲಿ ಕೇಳಿ. ಸಹಕಾರ ಸಂಘದ ಬೆಳೆ ಸಾಲಕ್ಕೆ, ಹೊತ್ತಿಗೆ ಸರಿಯಾಗಿ ತೀರಿಸಿದರೆ, ಬಡ್ಡಿ ಇಲ್ಲ.

ರೊಕ್ಕ ಬಂದಿಲ್ಲ ಅನ್ನುವವರಿಗೆ

"ಅಕ್ಕಾ, ಎಲ್ಲಾರಿಗೂ ಬಂದಾವ, ನಮಗ್ಯಾಕ ಬಂದಿಲ್ಲ?" ಅಂತ ಕೇಳಿಕೊಂಡು ಬರುವವರಲ್ಲಿ ಅರ್ಧ ಜನಕ್ಕೆ ಬಂದೇ ಇರುತ್ತದೆ, ಬೇರೆ ಖಾತೆಗೆ. ಈ ರೊಕ್ಕ ಹೋಗುವುದು ಆಧಾರಿಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಹೈದರಾಬಾದಿಗೆ ಗುಳೆ ಹೋದಾಗ ಗುತ್ತಿಗೆದಾರ ತೆಗೆಸಿಕೊಟ್ಟ ಖಾತೆಯೋ, ಮೊಬೈಲ್ ಸಿಮ್ ಜೊತೆ ತೆರೆದುಕೊಂಡ ಖಾತೆಯೋ ಇರಬಹುದು. ಆಧಾರ್ ವೆಬ್‌ಸೈಟಿನಲ್ಲಿ ಬ್ಯಾಂಕ್ ಜೋಡಣೆ ಯಾವುದಕ್ಕಿದೆ ಅಂತ ನೋಡಬಹುದು. ಫೋನಿನಲ್ಲಿ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೊಂಡರೆ ರಾಜ್ಯದ ಯಾವ ಯೋಜನೆಯದು, ಯಾವ ದಿನ, ಯಾವ ಬ್ಯಾಂಕಿಗೆ ಬಿತ್ತೆಂಬುದೂ ಕಾಣುತ್ತದೆ.

ಉಳಿದವರದ್ದು ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಾತ್ರಿ ಮಾಡಿಸುವುದು) ಆಗಿರುವುದಿಲ್ಲ, ಇಲ್ಲವೇ ಪಹಣಿ ಇನ್ನೂ ಸತ್ತ ಮುತ್ಯಾನ ಹೆಸರಲ್ಲೇ ಇರುತ್ತದೆ. 2019ರ ಫೆಬ್ರವರಿ 1ರ ನಂತರ ಕೊಂಡ ಹೊಲಕ್ಕೆ ಪಿಎಂ ಕಿಸಾನ್ ಸಿಗುವುದಿಲ್ಲ, ಆದರೆ ವಾರಸಾದಿಂದ ಬಂದದ್ದಕ್ಕೆ ಅಡ್ಡಿ ಇಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಯಲ್ಲಿ ಪೌತಿ ಖಾತೆಗೆ (ಸತ್ತವರ ಹೆಸರಿನ ಹೊಲ ವಾರಸುದಾರರ ಹೆಸರಿಗೆ ಮಾಡಿಸಲು) ಅರ್ಜಿ ಹಾಕಿ. ಅಣ್ತಮ್ಮಂದಿರ ಜಗಳ ಮುಗಿಯಲಿ ಅಂತ ಕಾಯ್ದರೆ ಕಂತು, ಬೆಳೆ ಪರಿಹಾರ, ವಿಮೆ, ಮೂರೂ ಹೋಗುತ್ತವೆ. ಪಹಣಿ ನಿಮ್ಮ ಹೆಸರಿಗಾದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಎಫ್‌ಐಡಿ, ಅಂದರೆ ರೈತನ ಗುರುತಿನ ನಂಬರು, ಮಾಡಿಸಿ; ಎಲ್ಲಾ ಸರ್ವೆ ನಂಬರು ಅದಕ್ಕೆ ಸೇರಿದೆಯಾ ಅಂತ ಓದಿಸಿ ಕೇಳಿ. 2024ರ ಜನವರಿಯಲ್ಲಿ ಬರ ಪರಿಹಾರದ ಮೊದಲ ಕಂತು (ಎರಡು ಸಾವಿರದವರೆಗೆ) ಬಿದ್ದದ್ದು ಈ ದಾಖಲೆ ನೋಡಿಯೇ. ಆ ರೊಕ್ಕವನ್ನು ಹಳೆ ಸಾಲಕ್ಕೆ ಮುರಿದುಕೊಳ್ಳಬಾರದೆಂದು ಸರ್ಕಾರ ಬ್ಯಾಂಕುಗಳಿಗೆ ತಾಕೀತು ಮಾಡಿತ್ತು. ನಿಮ್ಮದನ್ನು ಹಾಗೆ ಮುರಿದಿದ್ದರೆ ಪಾಸ್‌ಬುಕ್ ಝೆರಾಕ್ಸ್ ಹಚ್ಚಿ ಮ್ಯಾನೇಜರಿಗೆ ಬರೆದುಕೊಡಿ, ಒಂದು ಪ್ರತಿ ತಹಶೀಲ್ದಾರರಿಗೆ.

ಇನ್ನು ಬೆರಳು. ಸದಿ (ಕಳೆ) ತೆಗೆಯುವ ಕಾಲದಲ್ಲಿ ನಮ್ಮ ಹೆಣ್ಣುಮಕ್ಕಳ ಹೆಬ್ಬೆಟ್ಟು ಮಷೀನಿಗೆ ಕಾಣುವುದೇ ಇಲ್ಲ. ರೇಖೆ ಸವೆದು ಮಣ್ಣು ಕೂತಿರುತ್ತದೆ. ಬಿಸಿನೀರಲ್ಲಿ ಕೈ ತೊಳೆಸಿ, ಒರೆಸಿ, ಬೆರಳನ್ನು ಒಂದು ಸಲ ಹಣೆಗೋ ತಲೆಗೂದಲಿಗೋ ಸವರಲು ಹೇಳುತ್ತೇನೆ. ಅಲ್ಲಿನ ಎಣ್ಣೆ ಪಸೆಗೆ ರೇಖೆ ಏಳುತ್ತದೆ. ಹೆಬ್ಬೆರಳು ಆಗದಿದ್ದರೆ ಎಡಗೈಯ ನಡುಬೆರಳು, ಉಂಗುರ ಬೆರಳು. ಅವು ಕೆಲಸಕ್ಕೆ ಕಡಿಮೆ ಬೀಳುವುದರಿಂದ ಸವೆದಿರುವುದಿಲ್ಲ. ಪಿಎಂ ಕಿಸಾನ್ ಕೆವೈಸಿಗಾದರೆ 2023ರಿಂದ ಅದರ ಆ್ಯಪ್‌ನಲ್ಲಿ ಮುಖ ತೋರಿಸಿದರೂ ಆಗುತ್ತದೆ. ಮುದುಕರನ್ನು ಹತ್ತು ಸಲ ಬೆರಳು ಒತ್ತಿಸಿ ಕಾಡಬೇಡಿ.

ಎಲ್ಲೇ ರೊಕ್ಕ ತೆಗೆದರೂ ಚೀಟಿ ಕೇಳಿ. "ಫೇಲ್ ಆಯ್ತು, ಮತ್ತ ಬೆರಳು ಇಡ್ರಿ" ಅಂದರೆ ಫೇಲ್ ಆದ ಚೀಟಿಯನ್ನೂ ಇಸಕೊಳ್ಳಿ. ಸಾವಿರಕ್ಕೆ ಇಪ್ಪತ್ತು ಮೂವತ್ತು ಕೊಡಿ ಅಂತ ಕೇಳುವವರೂ ಇದ್ದಾರೆ. ಕೊಡಬೇಡಿ. ನಮಗೆ ಕಮಿಷನ್ ಬ್ಯಾಂಕಿನಿಂದ ಬರುತ್ತದೆ.

ಗೃಹಲಕ್ಷ್ಮಿ ರೊಕ್ಕ ಹೊಲಕ್ಕೆ ಹಾಕಬೇಡಿ

ಇದಕ್ಕೆ ಗಂಡಸರು ಸಿಟ್ಟಾಗುತ್ತಾರೆ, ಆಗಲಿ. 2023ರ ಆಗಸ್ಟ್‌ನಿಂದ ಮನೆಯ ಯಜಮಾನಿ ಖಾತೆಗೆ ತಿಂಗಳಿಗೆ 2,000 ಬರುತ್ತಿದೆ. ಒಮ್ಮೊಮ್ಮೆ ತಡವಾಗಿ, ಎರಡು ಮೂರು ತಿಂಗಳದ್ದು ಕೂಡಿಯೂ ಬರುತ್ತದೆ. ಹೊಲದ ಖರ್ಚಿಗೆ ಸುರಿದರೆ ಅದು ಕಾಣದ ಹಾಗೆ ಹೋಗುತ್ತದೆ. ನನ್ನ ಲೆಕ್ಕ ಬೇರೆ: ಅದನ್ನು ಕಿರಾಣಿ ಅಂಗಡಿಯ ಉದ್ರಿ ತೀರಿಸಲು ಹಾಕಿ. ಶ್ರಾವಣದಿಂದ ದೀಪಾವಳಿವರೆಗೆ ಮನೆಯಲ್ಲಿ ಜೋಳ ತಳ ಕಂಡಿರುತ್ತದೆ, ಹೊಲದಿಂದ ಒಂದು ಪೈಸೆ ಬರುವುದಿಲ್ಲ. ಆಗ ಎಣ್ಣೆ, ಸಕ್ಕರೆ, ಮಕ್ಕಳ ಔಷಧಕ್ಕೆ ಬರೆಸಿದ ಉದ್ರಿಯೇ ಅಡತಿ ಸಾಲಕ್ಕೆ ದಾರಿ. ಉದ್ರಿ ಬುಕ್ಕಿನಲ್ಲಿ ಹಳೆ ಬಾಕಿ ಇಲ್ಲದಿದ್ದರೆ ರಾಶಿಯ ಹೊತ್ತಿಗೆ ನಿಮ್ಮ ಮೇಲೆ ಯಾರ ಜೋರೂ ಇರುವುದಿಲ್ಲ.

ಬಾಕಿ ತೀರಿದ ಮೇಲೆ ಉಳಿದದ್ದರಲ್ಲಿ ಒಂದು ಹೆಣ್ಣು ಆಡುಮರಿ ಕಟ್ಟಿ. ದನ-ಆಡುಗಳ ಆರೈಕೆ ನೋಡುವ ಊರಿನ ಪಶು ಸಖಿಗೆ ಹೇಳಿ ಲಸಿಕೆ ಹಾಕಿಸಿ. ಆಡು ನಿಮ್ಮ ಹೆಸರಿನದು ಅಂತ ಮೊದಲೇ ಮನೆಯಲ್ಲಿ ಹೇಳಿಬಿಡಿ, ಯಲ್ಲಮ್ಮನ ಹೆಸರಿಗೆ ಬಿಟ್ಟದ್ದು ಅಂತಾದರೂ ಹೇಳಿ.

ಮುಂಗಾರಿ ಕಂತು, ದೀಪಾವಳಿ ಕಂತು

ಜೂನ್-ಆಗಸ್ಟ್ ನಡುವೆ ಯಾವಾಗಲೋ ಬೀಳುವ ಕಂತನ್ನು ಎಡೆ ಹೊಡೆಸಲು, ಸದಿ ತೆಗೆಸಲು ಇಟ್ಟುಕೊಳ್ಳಿ. ಅದೇ ಹೊತ್ತಿಗೆ ಬೆಳೆ ವಿಮೆಯ ಕಂತನ್ನೂ ಅದರಲ್ಲೇ ಕಟ್ಟಿ. ಮುಂಗಾರಿ ಬೆಳೆಗೆ ರೈತನ ಪಾಲು ವಿಮಾ ಮೊತ್ತದ 2 ಪರ್ಸೆಂಟ್ ಮಾತ್ರ. ಕಂತು ಬರುವ ಮೊದಲೇ ವಿಮೆಯ ಕೊನೆ ದಿನ ಬಂದರೆ ಗೃಹಲಕ್ಷ್ಮಿಯಿಂದ ಕೈಗಡ ತಗೊಳ್ಳಿ. ಅದೊಂದಕ್ಕೆ ನನ್ನ ಒಪ್ಪಿಗೆ ಇದೆ. ಹೊಲದಲ್ಲಿ ನೀರು ನಿಂತು ಬೆಳೆ ಹೋದರೆ 72 ಗಂಟೆಯೊಳಗೆ ವಿಮೆಯವರಿಗೆ ತಿಳಿಸಬೇಕು. ತಿಳಿಸಿದ ನಂಬರು, ಹೊತ್ತು ಬರೆದಿಡಿ.

ಅಕ್ಟೋಬರ್-ನವೆಂಬರ್ ಕಂತು ತೊಗರಿ ಹೂ ಬಿಡುವ ಕಾಲಕ್ಕೆ ಸರಿಯಾಗಿ ಬೀಳುತ್ತದೆ. 2024ರಲ್ಲಿ ಅಕ್ಟೋಬರ್ 5, 2025ರಲ್ಲಿ ನವೆಂಬರ್ 19. ಮೂರರಲ್ಲಿ ಬೆಳೆಗೆ ಬೇಕಾದ ಹೊತ್ತಿಗೇ ಬೀಳುವ ಕಂತು ಇದೊಂದೇ, ಹಬ್ಬಕ್ಕೆ ಮುಂಚೆ ಬಿದ್ದರೆ ದೀಪಾವಳಿ ಬಟ್ಟೆಗೆ ಹೋಗುವುದೂ ಇದೇ. ಹೂ ಉದುರದಂತೆ ಸಿಂಪಡಿಸುವ ಪೋಷಕಾಂಶದ ಪುಡಿ ಪಲ್ಸ್ ಮ್ಯಾಜಿಕ್ ಎಕರೆಗೆ 2 ಕಿಲೋ, ಲೀಟರ್ ನೀರಿಗೆ 10 ಗ್ರಾಂ; ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಿಗುತ್ತದೆ. ಕಾಯಿಕೊರಕಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುವುದಾದರೆ ಅಂಗಡಿಯವನು ಕೊಟ್ಟದ್ದನ್ನು ತರಬೇಡಿ, ಹುಳು ಇರುವ ಕಾಯಿಯನ್ನೇ ಕಿತ್ತುಕೊಂಡು ಹೋಗಿ ಕೃಷಿ ಅಧಿಕಾರಿಗೆ ತೋರಿಸಿ ಬರೆಸಿಕೊಳ್ಳಿ.

ಪಾಲಿಗೆ ಹೊಲ ಮಾಡುವವರಿಗೆ ಇದರಲ್ಲಿ ಬಹಳಷ್ಟು ಅನ್ವಯಿಸುವುದೇ ಇಲ್ಲ, ಅದು ನನಗೆ ಸಂಕಟ. ಪಹಣಿಯಲ್ಲಿ ಹೆಸರಿಲ್ಲದವನಿಗೆ ಕಂತಿಲ್ಲ. ಗಡಿಯಾಚೆ ತಾಂಡೂರಿನಲ್ಲಿ ನನ್ನ ತಂಗಿಯನ್ನು ಕೊಟ್ಟಿದೆ. ಅಲ್ಲಿ ತೆಲಂಗಾಣ ಸರ್ಕಾರ 2018ರಿಂದ ಎಕರೆ ಲೆಕ್ಕದಲ್ಲಿ ಕೊಡುತ್ತಿದೆ. ಹತ್ತು ಎಕರೆಯವನಿಗೆ ಹತ್ತು ಪಾಲು, ಅವನ ಹೊಲ ಉಳುವವನಿಗೆ ಅಲ್ಲೂ ಸೊನ್ನೆ. ಪಾಲಿನ ಮಾತಾಡುವಾಗಲೇ ಮಾಲೀಕರೊಂದಿಗೆ ಒಂದು ಕರಾರು ಮಾಡಿಕೊಳ್ಳಿ: ಬೆಳೆ ಪರಿಹಾರವೋ ವಿಮೆಯೋ ಬಂದರೆ ಪಾಲು ಎಷ್ಟು ಅಂತ. ಮಳೆಗೆ ಮುಂಚೆ ಕೇಳಿದರೆ ಒಪ್ಪುತ್ತಾರೆ, ಬೆಳೆ ಹೋದ ಮೇಲೆ ಕೇಳಿದರೆ ಒಪ್ಪುವುದಿಲ್ಲ.

ರಾಶಿ ಆದ ಮೇಲೆ

ಮೇಲಿನದ್ದೆಲ್ಲಾ ಮಾಡಿದ್ದರ ಫಲ ಸಿಗುವುದು ಎಳ್ಳ ಅಮಾವಾಸ್ಯೆ ಆದ ಮೇಲೆ. 2025ರ ಜನವರಿಯಲ್ಲಿ ತೊಗರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550, ಅದರ ಮೇಲೆ ರಾಜ್ಯದ್ದು 450 ಸೇರಿ 8,000 ಇತ್ತು. ಖರೀದಿ ಕೇಂದ್ರಕ್ಕೆ ಹಾಕಿದರೆ ರೊಕ್ಕ ಖಾತೆಗೆ ಬರಲು ಕೆಲವು ವಾರ ಕಾಯಬೇಕಾಗುತ್ತದೆ. ಸಾವುಕಾರನ ಬಾಕಿ ಇದ್ದವರಿಗೆ ಕಾಯುವ ಭಾಗ್ಯ ಇಲ್ಲ. ಕಣದಿಂದಲೇ ಗಾಡಿ ಅವನ ಅಂಗಡಿಗೆ ತಿರುಗುತ್ತದೆ. ನೀವು ಕಾಯಬಲ್ಲಿರಾದರೆ ನೋಂದಣಿ ಶುರುವಾದ ಮೊದಲ ವಾರವೇ ಎಫ್‌ಐಡಿ, ಆಧಾರ್ ಹಿಡಿದು ಹೋಗಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ತೊಗರಿ ಅಂತಲೇ ಇದೆಯಾ ಅಂತ ಆಗಸ್ಟ್-ಸೆಪ್ಟೆಂಬರ್‌ನಲ್ಲೇ ಬೆಳೆ ದರ್ಶಕ್ ಆ್ಯಪ್‌ನಲ್ಲಿ ನೋಡಿಕೊಂಡಿರಬೇಕು. ಅಲ್ಲಿ ಹೆಸರುಕಾಳು, ಉದ್ದು ಅಂತ ಬಿದ್ದಿದ್ದರೆ ಆಗಲೇ ಆಕ್ಷೇಪಣೆ ಹಾಕಿ ತಿದ್ದಿಸಿ. ಜನವರಿಯಲ್ಲಿ ತಲಾಟಿ (ಗ್ರಾಮ ಲೆಕ್ಕಿಗ) ಸಾಹೇಬರ ಹಿಂದೆ ಅಲೆದರೆ ಕೇಂದ್ರ ಮುಚ್ಚುವ ಹೊತ್ತಿಗೆ ತಿದ್ದುಪಡಿ ಆಗುತ್ತದೆ.