ಎಳ್ಳು-ಬೆಲ್ಲದ ಪೊಟ್ಟಣಕ್ಕೆ ಪಿನ್ನು ಹೊಡೆಯಬೇಡಿ

ತಿನ್ನುವ ಪದಾರ್ಥದ ಪೊಟ್ಟಣಕ್ಕೆ ಸ್ಟೇಪ್ಲರ್ ಪಿನ್ನು ಹೊಡೆಯುವುದನ್ನು ಮೊದಲು ನಿಲ್ಲಿಸಿ. ಪ್ರತಿ ಸಂಕ್ರಾಂತಿಗೂ ಇದೇ ನೋಡುತ್ತೇನೆ. ಎಳ್ಳು ಬೀರಲು ಬರುವ ಹೆಣ್ಣುಮಕ್ಕಳ ತಟ್ಟೆಯಲ್ಲಿ ಒಂದೋ ಪ್ಲಾಸ್ಟಿಕ್ ಕವರು, ಇಲ್ಲವೇ ಚೆಂದದ ಬಣ್ಣದ ಕಾಗದಕ್ಕೆ ಎರಡು ಪಿನ್ನು. ಕಿತ್ತಾಗ ಆ ಪಿನ್ನು ಎಲ್ಲಿ ಬೀಳುತ್ತದೆ ಹೇಳಿ? ಎಳ್ಳು, ಕೊಬ್ಬರಿ ಚೂರಿನ ಮಧ್ಯೆಯೇ ಅಲ್ವಾ? ಅದನ್ನು ಮುಷ್ಟಿ ತುಂಬ ತೆಗೆದು ಬಾಯಿಗೆ ಹಾಕಿಕೊಳ್ಳುವುದು ಚಿಕ್ಕ ಮಗು. ಸೆಲ್ಲೋಟೇಪು ಅಂಟಿಸಿದರೂ ಅಷ್ಟೇ. ಬಿಚ್ಚುವಾಗ ಕಾಗದ ಹರಿದು ಅರ್ಧ ಎಳ್ಳು ನೆಲದ ಪಾಲು. ಪ್ಲಾಸ್ಟಿಕ್ ಕೈಚೀಲವನ್ನು ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಮಾಡಿದ್ದಾರೆ. ಹಬ್ಬ ಬಂದರೆ ಮಾತ್ರ ಎಲ್ಲರಿಗೂ ಅದು ಮರೆತುಹೋಗುತ್ತದೆ.

ಒಂದು ಹಾಳೆ, ಒಂದಿಷ್ಟು ದಾರ. ಇಷ್ಟು ಸಾಕು. ನಾವು ಚಿಕ್ಕವರಿದ್ದಾಗ ಬಸವನಗುಡಿಯಲ್ಲಿ ಯಾವ ದಿನಸಿ ಅಂಗಡಿಗೆ ಹೋದರೂ ಬೇಳೆ, ಸಕ್ಕರೆ, ಮೆಣಸು ಎಲ್ಲ ಪೊಟ್ಟಣದಲ್ಲೇ ಬರುತ್ತಿತ್ತು. ಅಂಗಡಿಯ ಜಂತೆಗೆ ದಾರದ ಉಂಡೆ ನೇತುಹಾಕಿರುತ್ತಿದ್ದರು. ಹುಡುಗ ತಲೆ ಎತ್ತಿಯೂ ನೋಡದೆ ತುದಿ ಹಿಡಿದು ಜಗ್ಗುತ್ತಿದ್ದ, ಸುತ್ತುತ್ತಿದ್ದ, ದಾರವನ್ನು ದಾರಕ್ಕೇ ಸಿಕ್ಕಿಸಿ ಪಟ್ಟನೆ ಕಡಿಯುತ್ತಿದ್ದ. ಕತ್ತರಿ ಇಲ್ಲ, ಅಂಟಿಲ್ಲ. ಮನೆಗೆ ತಂದು ತುದಿ ಎಳೆದರೆ ಪೊಟ್ಟಣ ಬಿಚ್ಚಿಕೊಳ್ಳುತ್ತಿತ್ತು. ಕಾಗದ ಒಲೆಯ ಮೂಲೆಗೆ, ದಾರ ನಮ್ಮಮ್ಮನ ಉಂಡೆಗೆ. ಏನೂ ಹಾಳಾಗುತ್ತಿರಲಿಲ್ಲ.

ಆಗ ಹಳೇ ಪೇಪರಿನಲ್ಲಿ ಕಟ್ಟುತ್ತಿದ್ದರು. ಈಗ ನೀವು ಹಾಗೆ ಮಾಡಬೇಡಿ. ಅಚ್ಚಿನ ಶಾಯಿ ತಿನ್ನುವುದಕ್ಕೆ ಹತ್ತುತ್ತದೆ. ಕೊಬ್ಬರಿಯ ಎಣ್ಣೆ ತಾಗಿದರೆ ಇನ್ನೂ ಬೇಗ. ಪೇಪರಿನಲ್ಲಿ ಆಹಾರ ಕಟ್ಟಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ನಿಯಮ ಮಾಡಿದೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಕಂದು ಹಾಳೆ, ಬಿಳಿ ಹಾಳೆ ಬೇಕಾದಷ್ಟು ಸಿಗುತ್ತದೆ. ಏನೂ ಅಚ್ಚಾಗಿಲ್ಲದ್ದನ್ನು ತನ್ನಿ. ಮಿನುಗು ಕಾಗದ ಬೇಡ, ಅದು ಮಡಿಕೆ ನಿಲ್ಲುವುದಿಲ್ಲ. ಒಳಗೆ ಅಂಗೈ ಅಗಲದ ಬಟರ್ ಪೇಪರು ಹಾಕಿದರೆ ಎಣ್ಣೆ ಹೊರಗೆ ಒಸರುವುದಿಲ್ಲ. ದಾರ ಹತ್ತಿಯದ್ದೇ ಇರಲಿ. ನೈಲಾನು ಜಾರುತ್ತದೆ. ಸೆಣಬಿನ ದಾರ ನೋಡಲು ಚೆಂದ ಅಂತ ಈಗ ಎಲ್ಲರೂ ತರುತ್ತಾರೆ. ಅದರ ಎಳೆ ಉದುರಿ ಎಳ್ಳಿಗೆ ಸೇರುತ್ತದೆ, ಬಾಯಿಗೆ ಸಿಕ್ಕಿದರೆ ಹಬ್ಬವೇ ಕೆಟ್ಟಂತೆ.

ಹಾಳೆ ಕತ್ತರಿಸುವ ಮುಂಚೆ ಅದನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆತ್ತಗೆ ಬಗ್ಗಿಸಿ ನೋಡಿ. ಒಂದು ಕಡೆ ಸಲೀಸಾಗಿ ಬಗ್ಗುತ್ತದೆ, ಇನ್ನೊಂದು ಕಡೆ ಸ್ವಲ್ಪ ಸೆಟೆಯುತ್ತದೆ. ಕಾಗದದ ಎಳೆ ಹಾಗಿರುತ್ತದೆ. ಸಲೀಸಾಗಿ ಬಗ್ಗುವ ಕಡೆಗೇ ಸುರುಳಿ ಸುತ್ತುವ ಹಾಗೆ ಕತ್ತರಿಸಿಕೊಳ್ಳಿ. ಇದನ್ನು ನೋಡದೆ ಸುತ್ತಿ, ಆಮೇಲೆ ಸುರುಳಿ ಬಿಚ್ಚಿಕೊಳ್ಳುತ್ತದೆ ಅಂತ ಗೊಣಗಿದರೆ ಕಾಗದ ಏನು ಮಾಡೀತು?

ಹಾಳೆಯ ಉದ್ದನೆಯ ಅಂಚು ನಿಮ್ಮ ಕಡೆಗಿರಲಿ. ಆ ಅಂಚಿನ ನಡುಮಧ್ಯಕ್ಕೆ ಎಡಗೈ ಹೆಬ್ಬೆರಳು ಇಡಿ. ಬಲಮೂಲೆಯನ್ನು ಒಳಕ್ಕೆ ಸುತ್ತಿ, ಉಳಿದ ಎಡಭಾಗವನ್ನು ಅದರ ಮೇಲೆ ಬಿಗಿಯಾಗಿ ಸುತ್ತುತ್ತಾ ಬನ್ನಿ. ತುದಿ ಹೆಬ್ಬೆರಳ ಹತ್ತಿರವೇ ಕೂಡಬೇಕು. ಈಗ ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ಇಣುಕಿ. ತುದಿಯಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಎಳ್ಳು ಸೋರುತ್ತದೆ. ಇನ್ನೊಂದು ಸಲ ಬಿಗಿ ಮಾಡಿ. ಬೆಳಕು ಮುಚ್ಚಿದ ಮೇಲೆ ತುದಿಯನ್ನು ಒಂದು ಬೆರಳ ಗೆಣ್ಣಿನಷ್ಟು ಮೇಲಕ್ಕೆ ಮಡಿಸಿ, ಉಗುರಿನಿಂದ ಗೀರಿ.

ತುಂಬುವ ಮುಂಚೆ ಒಂದು ಮಾತು ಹೇಳುತ್ತೇನೆ. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಒಳ್ಳೆ ಬಿಸಿಲಿಗೆ ಹಾಕಬೇಕು. ಬೆಲ್ಲವನ್ನು ಅಡಕತ್ತರಿಯಲ್ಲಿ ಕತ್ತರಿಸಿ ಅದನ್ನೂ ಒಣಗಿಸಬೇಕು. ಅಂಗಡಿಯಿಂದ ರೆಡಿ ಪ್ಯಾಕೆಟ್ ತಂದು ಸುರಿದರೆ ಮುಗಿಯಿತು ಅಂತ ತಿಳಿದಿದ್ದೀರಿ. ತಂದದ್ದನ್ನೂ ಒಂದು ದಿನ ಬಿಸಿಲು ಕಾಣಿಸಿ. ಹಸಿ ಇದ್ದರೆ ಬೆಲ್ಲ ಪಸೆ ಬಿಟ್ಟು ಕಾಗದ ಮೆತ್ತಗಾಗುತ್ತದೆ, ಆಮೇಲೆ ಎಂಥ ಗಂಟು ಹಾಕಿದರೂ ವ್ಯರ್ಥ.

ಮುಕ್ಕಾಲು ಭಾಗ ತುಂಬಿ, ನೆಲಕ್ಕೆ ಮೆಲ್ಲಗೆ ಕುಟ್ಟಿ. ಎರಡು ಬದಿ ಒಳಕ್ಕೆ, ಮುಂದಿನದು ಅದರ ಮೇಲೆ, ಉದ್ದ ಉಳಿದ ಮೂಲೆ ಎಲ್ಲದರ ಮೇಲೆ.

ಇನ್ನು ಗಂಟು. ಇಲ್ಲಿ ಆತುರ ಮಾಡಬೇಡಿ, ಎಲ್ಲರೂ ತಪ್ಪುವುದು ಇಲ್ಲೇ. ಪೊಟ್ಟಣವನ್ನು ಎಡ ಅಂಗೈಯಲ್ಲಿ ಮಲಗಿಸಿ. ದಾರದ ಒಂದು ತುದಿಯನ್ನು ಹೆಬ್ಬೆರಳ ಕೆಳಗೆ ಒತ್ತಿಕೊಳ್ಳಿ. ಮೊದಲು ಉದ್ದುದ್ದಕ್ಕೆ ಒಂದು ಸುತ್ತು. ಮೇಲೆ ಮಡಿಸಿದ ತುದಿಯನ್ನು ದಾರ ಒತ್ತಿ ಹಿಡಿಯಬೇಕು, ಬಾಯಿಯ ಮಡಿಕೆಯನ್ನೂ ಒತ್ತಬೇಕು. ಆಮೇಲೆ ಅಡ್ಡಕ್ಕೆ ಎರಡು ಸುತ್ತು. ಉದ್ದದ ದಾರವನ್ನು ದಾಟುವಾಗ ಅದರ ಅಡಿಯಿಂದ ಒಮ್ಮೆ ತೂರಿಸಿ. ಹೀಗೆ ಮಾಡಿದರೆ ಅಡ್ಡ ಸುತ್ತು ಚೂಪು ಕಡೆಗೆ ಜಾರುವುದಿಲ್ಲ. ಸುಮ್ನೆ ಅಡ್ಡಡ್ಡ ಹತ್ತು ಸುತ್ತು ಸುತ್ತಿದರೆ ತಟ್ಟೆಯಿಂದ ಎತ್ತುವಷ್ಟರಲ್ಲಿ ಎಲ್ಲ ಕಳಚಿಕೊಳ್ಳುತ್ತದೆ.

ಈಗ ಎರಡು ತುದಿಗಳು ಎದುರುಬದುರು ಬಂದಿವೆ. ಬಲಗಡೆಯದನ್ನು ಎಡಗಡೆಯದರ ಮೇಲೆ ಹಾಕಿ, ಅಡಿಯಿಂದ ತೂರಿಸಿ ಎಳೆಯುತ್ತೀರಿ ತಾನೇ? ಎಳೆಯಬೇಡಿ, ನಿಲ್ಲಿ. ಅದೇ ತುದಿಯನ್ನು ಇನ್ನೊಂದು ಸಲ ತೂರಿಸಿ. ಎರಡು ತಿರುವು ಬೀಳಬೇಕು. ಆಮೇಲೆ ಎರಡು ಕೈಯಿಂದ ಸಮನಾಗಿ ಎಳೆಯಿರಿ. ಈಗ ಕೈ ಬಿಟ್ಟು ನೋಡಿ, ಗಂಟು ಸಡಿಲವಾಗದೆ ಅಲ್ಲೇ ಕಚ್ಚಿ ಕೂತಿರುತ್ತದೆ. ಒಂದೇ ತಿರುವು ಹಾಕಿದವರು ಎರಡನೇ ಗಂಟು ಹಾಕುವಷ್ಟು ಹೊತ್ತು ಅಕ್ಕಪಕ್ಕದವರನ್ನು ಕರೆದು "ಇಲ್ಲಿ ಒಂದು ಬೆರಳಿಡಿ" ಅನ್ನುತ್ತಾರೆ. ನನಗೆ ಅದನ್ನು ನೋಡಿದರೆ ಸಿಟ್ಟು ಬರುತ್ತದೆ. ಎರಡು ತಿರುವು ಹಾಕಿದ್ದರೆ ಯಾರ ಬೆರಳೂ ಬೇಕಿರಲಿಲ್ಲ.

ಎರಡನೇ ಗಂಟು ಉಲ್ಟಾ ಬರಬೇಕು. ಮೊದಲು ಬಲದ್ದು ಮೇಲೆ ಬಂದಿದ್ದರೆ ಈಗ ಎಡದ್ದು ಮೇಲೆ. ಸರಿ ಬಂತೋ ಇಲ್ಲವೋ ತಿಳಿಯುವುದು ಸುಲಭ. ಸರಿಯಾದ ಗಂಟಿನ ತುದಿಗಳು ಸುತ್ತಿದ ದಾರದ ಜೊತೆಗೇ ಮಲಗಿರುತ್ತವೆ. ತಪ್ಪು ಗಂಟಿನ ತುದಿಗಳು ಅಡ್ಡಕ್ಕೆ ಸೆಟೆದು ನಿಲ್ಲುತ್ತವೆ, ಎಳೆದಂತೆಲ್ಲ ಜಾರುತ್ತವೆ. ಈ ಎರಡನೇ ಗಂಟಿಗೆ ತುದಿಯನ್ನು ಪೂರ್ತಿ ಎಳೆಯದೆ, ದಾರ ಮಡಿಚಿ ಕುಣಿಕೆಯನ್ನಷ್ಟೇ ಹೊರಗೆ ತನ್ನಿ. ಅದೇ ಸರಗಂಟು. ಮಗು ತುದಿ ಹಿಡಿದು ಎಳೆದರೆ ಆ ಗಂಟು ಬಿಚ್ಚಿ, ಎರಡು ತಿರುವೂ ತಾನಾಗಿ ಸಡಿಲವಾಗುತ್ತದೆ. ಕಗ್ಗಂಟು ಹಾಕಿ, ಆಮೇಲೆ ಹಲ್ಲಿನಲ್ಲಿ ಕಚ್ಚಿ ಬಿಚ್ಚುವ ಅಭ್ಯಾಸ ಮಕ್ಕಳಿಗೆ ಕಲಿಸಬೇಡಿ.

ಮಕ್ಕಳನ್ನು ಕೂರಿಸಿಕೊಂಡು ಕಲಿಸುವುದಾದರೆ ಹಬ್ಬದ ಹಿಂದಿನ ವಾರವೇ ಶುರು ಮಾಡಿ. ಅಭ್ಯಾಸಕ್ಕೆ ಹಳೇ ಪೇಪರು ಕೊಡಿ, ಒಳಗೆ ಹುಣಸೆಬೀಜ ತುಂಬಿಸಿ. ದಾರ ದಪ್ಪನೆಯದು ಇರಲಿ, ಕಣ್ಣಿಗೆ ಗಂಟು ಕಾಣಬೇಕು. ದಾರವನ್ನು ಕೈಯಲ್ಲೇ ಕಡಿಯುವ ವಿದ್ಯೆ ಬೇಡ, ಎಳೆ ಬೆರಳಿಗೆ ಕೊಯ್ಯುತ್ತದೆ. ಮೊಂಡ ಕತ್ತರಿ ಕೊಡಿ. ಮೊದಮೊದಲು ಸೊಟ್ಟಗೆ ಬರುತ್ತದೆ, ಬರಲಿ. ಕೈಯಿಂದ ಕಿತ್ತುಕೊಂಡು ನೀವೇ ಮಾಡಬೇಡಿ, ತಾಯಂದಿರು ಮಾಡುವುದೇ ಅದು.

ಕಟ್ಟಿದ ಪೊಟ್ಟಣಗಳನ್ನು ಒಂದರ ಬಾಯಿ ಪಕ್ಕ ಇನ್ನೊಂದರ ತುದಿ ಬರುವ ಹಾಗೆ ಸ್ಟೀಲ್ ಡಬ್ಬಿಯಲ್ಲಿ ಜೋಡಿಸಿ, ಮುಚ್ಚಳ ಬಿಗಿಯಾಗಿ ಹಾಕಿ. ಫ್ರಿಜ್ಜಿನಲ್ಲಿ ಇಡಬೇಡಿ, ಹೊರಗೆ ತೆಗೆದ ಕೂಡಲೇ ಬೆವರುತ್ತವೆ. ಸಕ್ಕರೆ ಅಚ್ಚನ್ನು ಪೊಟ್ಟಣದೊಳಗೆ ತುರುಕಬೇಡಿ, ಮುರಿಯುತ್ತದೆ. ಕಬ್ಬಿನ ತುಂಡು, ಎಲಚಿ ಹಣ್ಣಿನ ಜೊತೆ ತಟ್ಟೆಯಲ್ಲಿ ಬೇರೆಯೇ ಇಡಿ.