ಸಾಫ್ಟ್‌ಬಾಲ್‌ನಲ್ಲಿ ಚೆಂಡು ನೆಲಕ್ಕೆ ಬಿದ್ದು ಬಂದರೆ ಏನು ಲೆಕ್ಕ?

ಮೈಸೂರಿನ ಮಹಾರಾಜ ಕಾಲೇಜು ಮೈದಾನದ ಅಂಚಿನಲ್ಲಿ ಕೂತು ಅಕ್ಕನ ಮಗಳ ಸಾಫ್ಟ್‌ಬಾಲ್ ಮ್ಯಾಚ್ ನೋಡುತ್ತಿದ್ದೆ. ಪಿಚರ್ ಎಸೆದ ಚೆಂಡು ಬ್ಯಾಟರ್ ಪಕ್ಕ ನೆಲದಲ್ಲಿರುವ ಹೋಮ್ ಪ್ಲೇಟ್‌ಗೆ ಒಂದು ಅಡಿ ಮುಂಚೆಯೇ ನೆಲಕ್ಕೆ ಬಡಿದು ಧೂಳು ಎಬ್ಬಿಸಿತು. ಎದುರಾಳಿ ಹುಡುಗಿ ಬ್ಯಾಟ್ ಬೀಸಿದಳು, ತಾಗಲಿಲ್ಲ. ಅದು ಅವಳ ಮೂರನೇ ಸ್ಟ್ರೈಕ್ (ಬೀಸಿ ತಪ್ಪಿದ್ದು ಅಥವಾ ಬೀಸದೆ ಬಿಟ್ಟ ಸರಿಯಾದ ಎಸೆತ; ಮೂರಾದರೆ ಸಾಮಾನ್ಯವಾಗಿ ಔಟ್). ಔಟಾಯಿತು ಅಂತ ನಮ್ಮ ಕಡೆಯವರೆಲ್ಲ ಚಪ್ಪಾಳೆ ತಟ್ಟಿದೆವು. ನೋಡಿದರೆ ಅವಳು ಮೊದಲ ಬೇಸ್ ಕಡೆ ಓಡುತ್ತಿದ್ದಾಳೆ! ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಆಗಿದ್ದ ನಮ್ಮ ಹುಡುಗಿ ಹಿಂದೆ ಹೋದ ಚೆಂಡನ್ನು ಎತ್ತಿ ಎಸೆಯುವಷ್ಟರಲ್ಲಿ ಬೇಸ್ ಮುಟ್ಟಿಯಾಗಿತ್ತು.

"ಮಾಮ, ಚೆಂಡು ನೆಲಕ್ಕೆ ಬಿತ್ತು ಅಂತ ಆಟ ನಿಲ್ಲಲ್ಲ," ಅಂದಳು ಅಕ್ಕನ ಮಗಳು ಆಮೇಲೆ. ಇಡೀ ನಿಯಮದ ತಿರುಳು ಇದೇ.

ನಮ್ಮದು ಜಾವಗಲ್ ಶ್ರೀನಾಥ್ ಅವರ ಊರು. ಚೆಂಡು ನೆಲಕ್ಕೆ ಬಿದ್ದು ಏಳುವುದನ್ನೇ ಬೌಲಿಂಗ್ ಅಂತ ನೋಡಿ ಬೆಳೆದವರು ನಾವು. ಕ್ರಿಕೆಟ್‌ನಲ್ಲಿ ಚೆಂಡು ಒಂದು ಸಲ ಪುಟಿದರೆ ಸರಿ. 2017ರ ನಿಯಮದಂತೆ ಕ್ರೀಸ್ ತಲುಪುವ ಮುಂಚೆ ಎರಡು ಸಲ ಪುಟಿದರೆ ನೋ ಬಾಲ್. ಸಾಫ್ಟ್‌ಬಾಲ್‌ನಲ್ಲಿ ಪುಟಿಯಿತು ಅನ್ನುವ ಕಾರಣಕ್ಕೇ ನೋ ಬಾಲ್ ಕೊಡುವುದಿಲ್ಲ. ಆದ್ದರಿಂದ ಚೆಂಡು ಎಲ್ಲಿ ಬಿತ್ತು ಅಂತ ನೋಡುತ್ತಾ ಕೂರಬೇಡಿ. ಮೊದಲು ಬ್ಯಾಟ್ ನೋಡಿ, ಆಮೇಲೆ ಬ್ಯಾಟರ್ ಮೈ, ಕೊನೆಗೆ ಕ್ಯಾಚರ್ ಗ್ಲೌಸ್. ಇಲ್ಲಿ ಹೇಳುತ್ತಿರುವುದು ಒಲಿಂಪಿಕ್ಸ್‌ನಲ್ಲೂ ಆಡುವ, ಚೆಂಡನ್ನು ವೇಗವಾಗಿ ಎಸೆಯುವ ಫಾಸ್ಟ್ ಪಿಚ್ ಆಟದ ನಿಯಮ. ನಿಧಾನವಾಗಿ ಎಸೆಯುವ ಸ್ಲೋ ಪಿಚ್ ಆಟದಲ್ಲಿ ಲೆಕ್ಕ ಬೇರೆ.

ಬ್ಯಾಟ್ ಬೀಸದಿದ್ದರೆ ಅಂಪೈರ್ 'ಬಾಲ್' (ಸ್ಟ್ರೈಕ್ ಅಲ್ಲದ ಎಸೆತ) ಅನ್ನುತ್ತಾರೆ. ಪುಟಿದ ಮೇಲೆ ಚೆಂಡು ಮೊಣಕಾಲಿಗೂ ಕಂಕುಳಿಗೂ ನಡುವೆ, 17 ಇಂಚಿನ ಪ್ಲೇಟ್ ಮೇಲೆ ಸರಿಯಾಗಿಯೇ ಹಾದುಹೋದರೂ ಅದು ಸ್ಟ್ರೈಕ್ ಅಲ್ಲ. ಇಂಥ ಬಾಲ್ ನಾಲ್ಕಾದರೆ ಬ್ಯಾಟರ್‌ಗೆ ಮೊದಲ ಬೇಸ್ ಸಿಗುತ್ತದೆ.

ಬೀಸಿದರೆ? ಬೀಸಬಹುದು, ತಡೆಯಿಲ್ಲ. ತಾಗಿದರೆ ಬೇರೆ ಯಾವುದೇ ಹೊಡೆತದ ಹಾಗೆಯೇ. ಗಲ್ಲಿ ಕ್ರಿಕೆಟ್‌ನ 'ಒನ್ ಪಿಚ್ ಕ್ಯಾಚ್' ಇಲ್ಲಿ ತಲೆಗೆ ಬರಬಾರದು. ಬ್ಯಾಟ್‌ಗೆ ತಾಗಿದ ಮೇಲೆ ನೆಲ ಮುಟ್ಟದೆ ಫೀಲ್ಡರ್ ಕೈಗೆ ಸಿಕ್ಕಿದರೆ ಔಟ್. ಅದಕ್ಕೂ ಮುಂಚೆ ಪುಟಿದದ್ದು ಲೆಕ್ಕಕ್ಕಿಲ್ಲ.

ಬ್ಯಾಟ್ ಬೀಸದೆ ನಿಂತವಳ ಕಾಲಿಗೆ ಪುಟಿದ ಚೆಂಡು ಬಡಿದರೆ ಮೊದಲ ಬೇಸ್ ಅವಳದು. ಆಟ ಅಲ್ಲಿಗೆ ನಿಲ್ಲುತ್ತದೆ. ನೆಲಕ್ಕೆ ಬಿದ್ದು ಬಂದ ಚೆಂಡು ತಾನೇ ಅಂತ ವಾದ ಮಾಡುವವರು ಜಾಸ್ತಿ, ಆದರೆ ನಿಯಮ ಬ್ಯಾಟರ್ ಪರವಾಗಿದೆ. ಬೇಕಂತಲೇ ಮೈ ಒಡ್ಡಿದರೆ ಮಾತ್ರ ಬೇಸ್ ಸಿಗುವುದಿಲ್ಲ. ಬೀಸಿದಾಗ ಮೈಗೆ ತಾಗಿದರೆ ಸ್ಟ್ರೈಕ್.

ಇನ್ನು ಮೂರನೇ ಸ್ಟ್ರೈಕ್. ನಿಜವಾದ ತಲೆನೋವು ಇದು. ಬೀಸಿ ತಪ್ಪಿದ ಮೂರನೇ ಚೆಂಡನ್ನು ಕ್ಯಾಚರ್ ನೆಲ ಮುಟ್ಟುವ ಮುಂಚೆ ಹಿಡಿಯಬೇಕು. ಪುಟಿದ ಚೆಂಡನ್ನು ಎಷ್ಟು ಚೆನ್ನಾಗಿ ಹಿಡಿದರೂ ಅದು ಕ್ಯಾಚ್ ಅಲ್ಲ. ಮೊದಲ ಬೇಸ್ ಖಾಲಿ ಇದ್ದರೆ, ಇಲ್ಲವೇ ಎರಡು ಔಟ್ ಆಗಿಹೋಗಿದ್ದರೆ, ಬ್ಯಾಟರ್ ಓಡಬಹುದು. ಆಗ ಅವಳನ್ನು ಚೆಂಡಿನಿಂದ ಮುಟ್ಟಬೇಕು, ಅಥವಾ ಅವಳಿಗಿಂತ ಮುಂಚೆ ಚೆಂಡು ಮೊದಲ ಬೇಸ್ ಸೇರಬೇಕು. ಎರಡು ಔಟ್ ಆಗಿ ಮೂರೂ ಬೇಸ್ ತುಂಬಿದ್ದರೆ, ಮೂರನೇ ಬೇಸ್‌ನವಳು ಹೋಮ್ ಪ್ಲೇಟ್‌ಗೆ ಓಡಲೇಬೇಕಾದ್ದರಿಂದ, ಕ್ಯಾಚರ್ ಚೆಂಡು ಹಿಡಿದು ಹೋಮ್ ಪ್ಲೇಟ್ ತುಳಿದರೂ ಸಾಕು.

ಮೊದಲ ಬೇಸ್‌ನಲ್ಲಿ ರನ್ನರ್ ಇದ್ದು, ಎರಡು ಔಟ್ ಇನ್ನೂ ಆಗಿಲ್ಲದಿದ್ದರೆ ಬ್ಯಾಟರ್ ಅಲ್ಲೇ ಔಟ್. ಇದಕ್ಕೆ ಕಾರಣ ಇದೆ. ಓಡಲು ಬಿಟ್ಟರೆ ಕ್ಯಾಚರ್ ಬೇಕಂತಲೇ ಚೆಂಡು ಕೆಡವಿ, ಬೇಸ್ ಬಿಟ್ಟು ಓಡಲೇಬೇಕಾದ ರನ್ನರ್‌ನೂ ಸೇರಿಸಿ ಸುಲಭವಾಗಿ ಇಬ್ಬರನ್ನು ಔಟ್ ಮಾಡಬಹುದಿತ್ತು. ಆ ಮೋಸ ತಪ್ಪಿಸಲು ಈ ಕಟ್ಟು. ಅಲ್ಲೂ ಆಟ ಮಾತ್ರ ನಿಲ್ಲುವುದಿಲ್ಲ, ಬೇಸ್‌ನಲ್ಲಿರುವ ರನ್ನರ್‌ಗಳು ಮುಂದೆ ಓಡಬಹುದು.

ಹಾಗಾಗಿ ಅಪ್ಪ ಅಮ್ಮಂದಿರೇ, ಬೌಂಡರಿಯಲ್ಲಿ ನಿಂತು "ಬಿಡು, ನೆಲಕ್ಕೆ ಬಿತ್ತು" ಅಂತ ಕೂಗಬೇಡಿ. ಆ ಕೂಗಿಗೆ ಮಕ್ಕಳು ಅರೆಗಳಿಗೆ ನಿಂತುಬಿಡುತ್ತಾರೆ. ಬೇಸ್ ಇರುವುದು ಬರೀ 60 ಅಡಿ ದೂರದಲ್ಲಿ.

ಕ್ಯಾಚರ್ ಕಲಿಯಬೇಕಾದದ್ದು ಚೆಂಡನ್ನು ಹಿಡಿಯುವುದಕ್ಕಿಂತ ತಡೆಯುವುದು. ಚೆಂಡು ಪುಟಿಯುತ್ತೆ ಅನ್ನಿಸಿದ ಕೂಡಲೇ ಎರಡೂ ಮಂಡಿ ನೆಲಕ್ಕೆ. ಗ್ಲೌಸ್ ಕಾಲುಗಳ ಸಂದಿ ಮುಚ್ಚಬೇಕು. ಗದ್ದ ಎದೆಗೆ ಒತ್ತಿರಬೇಕು, ಭುಜ ಮುಂದಕ್ಕೆ ಬಾಗಿರಬೇಕು. ಚೆಂಡು ಎದೆಗೆ ಬಡಿದು ಮುಂದೆಯೇ ಸತ್ತು ಬೀಳಬೇಕು. ಭಯ ಹೋಗುವವರೆಗೆ ಟೆನ್ನಿಸ್ ಚೆಂಡಿನಲ್ಲಿ ಮಾಡಿಸಿ, ಆಗಲೂ ಮಾಸ್ಕ್ ಹಾಕಿಸಿ. ನಮ್ಮ ಹುಡುಗಿಗೆ ಈಗ ಸಂಜೆ ಹೊತ್ತು ಅಂಗಳದಲ್ಲಿ ನಾನೇ ಎಸೆದು ಕೊಡುತ್ತೇನೆ, ದಿನಕ್ಕೆ 20 ಚೆಂಡು, ಎಲ್ಲವೂ ನೆಲಕ್ಕೆ ಬಡಿದು ಹೋಗುವಂಥವೇ.