ಸುಗಂಧಿ ಶರಬತ್ತು ಕದಡದಂತೆ ಮಾಡುವುದು

ಬಳ್ಳಾರಿ ಕಡೆ ಬೇಸಿಗೆ ಬಂತೆಂದರೆ ಮನೆಮನೆಯಲ್ಲೂ ಸುಗಂಧಿ ಬೇರು ನೆನೆಯುತ್ತದೆ. ಸೊಗದೆ ಬೇರು, ನನ್ನಾರಿ ಎನ್ನುವುದೂ ಇದಕ್ಕೇ. ಬಾಟಲಿ ತುಂಬಿದ ಮೇಲೆ ಶರಬತ್ತು ಯಾಕೆ ಕದಡಿತು ಎಂದು ಕೇಳುವವರು ಬಹಳ. ತಿಳಿ ಮಾಡಬೇಕಾದದ್ದು ಕಷಾಯವನ್ನು, ಅದೂ ಸಕ್ಕರೆ ಬೀಳುವ ಮೊದಲು. ದಪ್ಪ ಪಾಕದೊಳಗೆ ಸಿಕ್ಕ ನಯವಾದ ಚರಟ ವಾರ ಕಳೆದರೂ ತಳಕ್ಕೆ ಇಳಿಯುವುದಿಲ್ಲ.

100 ಗ್ರಾಂ ಒಣಬೇರನ್ನು ಮಣ್ಣು ಹೋಗುವ ತನಕ ನಾಲ್ಕೈದು ನೀರಿನಲ್ಲಿ ತಿಕ್ಕಿ ತೊಳೆಯಿರಿ. ಕುಟ್ಟಿದರೆ ಒಳಗಿನ ಬಿಳಿ ಕಡ್ಡಿ ಬಿಡುತ್ತದೆ, ಅದನ್ನು ತೆಗೆದುಬಿಡಿ. ವಾಸನೆ ಇರುವುದು ಸಿಪ್ಪೆಯಲ್ಲಿ. ಸಿಪ್ಪೆ ಜಜ್ಜಿದಷ್ಟೇ ಸಾಕು. ಮಿಕ್ಸಿಗೆ ಹಾಕಿದರೆ ಹಿಟ್ಟಾಗಿ ಯಾವ ಅರಿವೆಯಲ್ಲೂ ನಿಲ್ಲುವುದಿಲ್ಲ. 800 ಮಿ.ಲೀ. ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೋರಿನ ಗಡಸು ನೀರು ಕಾಯಿಸಿದಾಗ ಬಿಳಿ ಸುಣ್ಣ ಬಿಡುತ್ತದೆ, ಆದ್ದರಿಂದ ಮೊದಲೇ ಕುದಿಸಿ ಆರಿಸಿ ಮೇಲಿನ ತಿಳಿ ಬಗ್ಗಿಸಿಕೊಂಡ ನೀರು ಬಳಸಿ.

ಬೆಳಿಗ್ಗೆ ಅದೇ ನೀರನ್ನು ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ 15 ನಿಮಿಷ ಕಾಯಿಸಿ. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡರೆ ಸಾಕು, ಕೊತಕೊತ ಕುದಿಸಬೇಡಿ. ಕುದಿಸಿದರೆ ಎರಡು ನಷ್ಟ: ಘಮ ಆವಿಯಾಗಿ ಹೋಗುತ್ತದೆ, ಬೇರಿನ ಪಿಷ್ಟ ಗಂಜಿಯಾಗಿ ನೀರಿಗೆ ಬೆರೆಯುತ್ತದೆ. ಗಂಜಿಯ ಮಬ್ಬು ಸೋಸಿದರೂ ಹೋಗುವುದಿಲ್ಲ. ಅನುಮಾನವಿದ್ದರೆ ಒಂದು ಚಮಚ ಕಷಾಯವನ್ನು ಬೇರೆ ಬಟ್ಟಲಿನಲ್ಲಿ ನೀರು ಹಾಕಿ ತೆಳ್ಳಗೆ ಮಾಡಿ, ಒಂದು ಹನಿ ಟಿಂಚರ್ ಅಯೋಡಿನ್ ಬಿಡಿ. ಕಡುನೀಲಿಗೆ ತಿರುಗಿದರೆ ಪಿಷ್ಟ. ಪರೀಕ್ಷೆಯ ಬಟ್ಟಲಿನದನ್ನು ಚೆಲ್ಲಿ.

ಆರಿದ ಕಷಾಯವನ್ನು ಎರಡು ಮಡಿಕೆಯ ಹಳೆ ಮಲ್ಲು ಬಟ್ಟೆಯಲ್ಲಿ ಸೋಸಿ, ತಾನಾಗಿ ತೊಟ್ಟಿಕ್ಕಲಿ. ಆತುರಕ್ಕೆ ಹಿಂಡಿದರೆ ತಡೆದದ್ದೆಲ್ಲ ಮತ್ತೆ ಕೆಳಗಿಳಿಯುತ್ತದೆ. ಎತ್ತರದ ಸ್ಟೀಲ್ ಪಾತ್ರೆಗೆ ಹಾಕಿ ಫ್ರಿಜ್ಜಿನಲ್ಲಿ ಒಂದು ರಾತ್ರಿ ಅಲ್ಲಾಡಿಸದೆ ಇಡಿ. ನಮ್ಮ ಬಿಸಿಲಿಗೆ ಹೊರಗಿಟ್ಟರೆ ಹುಳಿಯಾಗುತ್ತದೆ. ಮರುದಿನ ತಳದಲ್ಲಿ ಕಂದು ಗಸಿ ಕೂತಿರುತ್ತದೆ. ಮೆಲ್ಲಗೆ ಬಗ್ಗಿಸಿ, ತಳದ ಒಂದು ಬೆರಳಷ್ಟನ್ನು ಬಿಟ್ಟುಬಿಡಿ. ಸುಮಾರು ಅರ್ಧ ಲೀಟರ್ ತಿಳಿ ಸಿಗುತ್ತದೆ. ತಿಳಿಯಾಗಲೆಂದು ಪಟಕ (ಆಲಂ) ತಿರುವುವ ಯೋಚನೆ ಬೇಡ, ಒಗರು ಉಳಿಯುತ್ತದೆ.

ಸಕ್ಕರೆಯ ಕೊಳೆಯೂ ಮಬ್ಬಿಗೆ ಕಾರಣ. ಒಂದೂಕಾಲು ಕಿಲೋ ಸಕ್ಕರೆಗೆ ಕಾಲು ಲೀಟರ್ ನೀರು ಹಾಕಿ ಕುದಿಸಿ, ಎರಡು ಚಮಚ ಹಾಲು ಬಿಡಿ. ಹಾಲು ಒಡೆದು ಕೊಳೆಯನ್ನು ಹಿಡಿದು ನೊರೆಯಾಗಿ ಮೇಲೆ ಬರುತ್ತದೆ, ಸಟ್ಟುಗದಿಂದ ಪೂರ್ತಿ ತೆಗೆಯಿರಿ. ಆಮೇಲೆ ಎರಡು ಚಮಚ ಲಿಂಬೆರಸ. ಇದು ಸಕ್ಕರೆ ಹರಳುಗಟ್ಟದಂತೆ ಕಾಯುತ್ತದೆ. ಕೊನೆಗೆ ಕಷಾಯ ಸೇರಿಸಿ, ಹಬೆಯಾಡಿದ ಕೂಡಲೇ ಇಳಿಸಿ. ಅಂಗಡಿಯ ಕೆಂಪು ಬಣ್ಣ ಬರಲಿಲ್ಲವೆಂದು ಚಿಂತೆ ಬೇಡ, ಹಾಲಿಲ್ಲದ ಚಹಾದ ಬಣ್ಣವೇ ಸರಿ.

ಬಾಟಲಿಯ ತಳದಲ್ಲಿ ಬಿಳಿ ಹರಳು ಕಂಡರೆ ಬಿಸಿನೀರಿನಲ್ಲಿ ಬಾಟಲಿ ನಿಲ್ಲಿಸಿ, ಕರಗುತ್ತದೆ. ಗುಳ್ಳೆ ಎದ್ದು ಹುಳಿವಾಸನೆ ಬಂದರೆ ಒಳಗೆ ಹುದುಗು ಹಿಡಿದಿದೆ: ಸಕ್ಕರೆ ಕಡಿಮೆಯಾಗಿದೆ, ಇಲ್ಲವೇ ಬಾಟಲಿಯಲ್ಲಿ ನೀರಿನ ಪಸೆ ಇತ್ತು. ಅದನ್ನು ಸೋಸಿ ಉಳಿಸಿಕೊಳ್ಳುವ ಆಸೆ ಬಿಟ್ಟು ಚೆಲ್ಲಿ, ಬಾಟಲಿ ಕುದಿನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ.